ಉರಯಾಸುವಿನ ದಂಡಿನ ಉಗ್ರಾಣ

ನಮ್ಮ ಭಾವ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಸೈನ್ಯದಲ್ಲಿ ಕೆಲಸ ಮಾಡುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಟೋಕಿಯೋದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುತ್ತಾರೆ, ಅದು ಹೊಟ್ಟೆಪಾಡು. ಮಿಕ್ಕ ಹೊತ್ತೆಲ್ಲ, ಸಮುದ್ರ ದಾಟಿ ದಂಡಯಾತ್ರೆಗೆ ಹೋದ ಆ ಸಿಪಾಯಿಗಳಿಗೆ ಊಟ, ಬಟ್ಟೆ, ಸಂಬಳ ಸರಿಯಾಗಿ ತಲುಪಿತೋ ಇಲ್ಲವೋ ಎಂಬ ಚಿಂತೆಯಲ್ಲಿ ಕಳೆಯುತ್ತಾರೆ. "ರೀ, ಅವರೆಲ್ಲ ಸತ್ತು ಇನ್ನೂರು ವರ್ಷದ ಮೇಲಾಯ್ತು, ಇನ್ನು ಅವರಿಗೆ ಹಸಿವಾಗಲ್ಲ" ಎಂದು ನಮ್ಮಕ್ಕ ಎಷ್ಟು ಸಲ ಹೇಳಿದರೂ ಆ ಚಿಂತೆ ಕಡಿಮೆಯಾಗಿಲ್ಲ.

ಈ ಮನುಷ್ಯನನ್ನು ನೋಡಿ ನಾನು ಆರು ವರ್ಷ ಮನಸಾರೆ ನಕ್ಕಿದ್ದೇನೆ. ನೀವೂ ನಗಬಹುದು, ಅಡ್ಡಿಯಿಲ್ಲ. ಆದರೆ ಕೆಲಸ ಕಳೆದುಕೊಂಡು, ಒಬ್ಬರಿಗೂ ಹೇಳದೆ, ಗಂಟುಮೂಟೆ ಕಟ್ಟಿ ಮೈಸೂರಿಗೆ ಹೊರಟುಬಿಡೋಣ ಎಂದು ಹೋದ ಜೂನ್ ತಿಂಗಳಲ್ಲಿ ನಾನು ಕೂತಿದ್ದಾಗ, ಅದನ್ನು ಪತ್ತೆ ಹಚ್ಚಿದವರು ಒಡಹುಟ್ಟಿದ ಅಕ್ಕ ಅಲ್ಲ, ವಾರಕ್ಕೆ ಮೂರು ಸಲ ಫೋನ್ ಮಾಡುವ ಅಮ್ಮ ಅಲ್ಲ, ಈ ಭಾವ. ಅದೂ ಎರಡು ಕೆಜಿ ಹುಣಸೆಹಣ್ಣಿನ ಜಾಡು ಹಿಡಿದು! ಅದು ಹೇಗೆ ಅಂತ ತಿಳಿಯಬೇಕಾದರೆ ಮೊದಲು ಅವರ ಸೈನ್ಯದ ಸಮಾಚಾರ ಸ್ವಲ್ಪ ಕೇಳಬೇಕು.

ಇದೆಲ್ಲ ಶುರುವಾದದ್ದು ಜಿಂಬೋಚೊದ ಹಳೆಯ ಪುಸ್ತಕದಂಗಡಿಗಳ ಬೀದಿಯಲ್ಲಿ, ಎಂಟು ವರ್ಷದ ಹಿಂದೆ. ಮಧ್ಯಾಹ್ನ ಊಟಕ್ಕೆಂದು ಆಫೀಸಿನಿಂದ ಹೊರಬಿದ್ದಾಗ ಮಳೆ ಬಂತಂತೆ. ಬೇರೆಯವರಾಗಿದ್ದರೆ ಪಕ್ಕದ ಕೊಂಬಿನಿ ಅಂಗಡಿಗೆ ನುಗ್ಗಿ ಒಂದು ಪ್ಲಾಸ್ಟಿಕ್ ಛತ್ರಿ ಕೊಳ್ಳುತ್ತಿದ್ದರು. ಭಾವ ಪುಸ್ತಕದಂಗಡಿಗೆ ನುಗ್ಗಿ, ರಟ್ಟು ಕಿತ್ತುಹೋದ ಇಟ್ಟಿಗೆ ಗಾತ್ರದ ಒಂದು ಇಂಗ್ಲಿಷ್ ಪುಸ್ತಕ ಕೊಂಡು, ಅದನ್ನೇ ತಲೆಯ ಮೇಲೆ ಹಿಡಿದುಕೊಂಡು ಆಫೀಸಿಗೆ ವಾಪಸಾದರು. ಆ ಪುಸ್ತಕದ ತುಂಬ ಇರುವುದು ಯುದ್ಧವಲ್ಲ. ಯಾವ ಪಡೆಗೆ ಎಷ್ಟು ಪೀಪಾಯಿ ಹಿಟ್ಟು, ಎಷ್ಟು ಬಟಾಣಿ, ಎಷ್ಟು ಜೊತೆ ಬೂಟು, ಯಾವ ಹಡಗು ಯಾವಾಗ ಹೊರಟಿತು, ದಾರಿಯಲ್ಲಿ ಏನೇನು ಕೊಳೆಯಿತು, ಇಷ್ಟೇ. ನಾನು ಎರಡು ಪುಟ ಓದಿ ನಿದ್ದೆ ಹೋದೆ. ಭಾವ ನಿದ್ದೆಗೆಟ್ಟು ಓದಿದರು. ಒಂದು ದಿನ ಊಟದ ಮೇಜಿನಲ್ಲಿ ಅವರ ಮಗಳು, "ಅಪ್ಪ, ಹೂ ವನ್? ಗೆದ್ದಿದ್ದು ಯಾರು?" ಎಂದು ಕೇಳಿದಳು. ಭಾವ ತುತ್ತನ್ನು ಕೈಯಲ್ಲೇ ಹಿಡಿದು ಯೋಚಿಸಿ, "ಅದೆಲ್ಲೋ ಮುಂದೆ ಬರತ್ತೆ ಇರಬೇಕು. ಆದ್ರೆ ಬಿಸ್ಕತ್ತು ಮಾತ್ರ ಮೊದಲೇ ಖಾಲಿ ಆಗ್ಹೋಯ್ತು ಪುಟ್ಟಿ" ಎಂದರು.

ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು ಇವರು. ಜಪಾನಿನ ಅಂಗಡಿಯಲ್ಲಿ ಪ್ರತಿ ಸಾಸಿನ ಬಾಟಲಿಯನ್ನೂ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಎಲ್ಲಾದರೂ ಮೀನು ಅಡಗಿದೆಯೇ ಎಂದು ಹುಡುಕುವವರು. ಅಂಥವರು ಅಮೆರಿಕದ ಯುದ್ಧಕ್ಕೆ ಸಮುದ್ರದ ಮೇಲೆ ಮೂರು ಸಾವಿರ ಮೈಲಿ ಸಾಗಿಸಿದ ಉಪ್ಪು ಹಾಕಿದ ಹಂದಿಮಾಂಸದ ಪೀಪಾಯಿಗಳ ವಿಷಯ ಎತ್ತಿದರೆ ದನಿ ಗದ್ಗದವಾಗುತ್ತದೆ. ಬಿರುಗಾಳಿಗೆ ಹಡಗು ತಡವಾಗಿ, ಹಿಟ್ಟು ಬೂಷ್ಟು ಹಿಡಿದು, ಕುರಿಗಳು ದಾರಿಯಲ್ಲೇ ಸತ್ತು, ಆ ಕಡೆ ದಂಡೆಯಲ್ಲಿ ಸಿಪಾಯಿಗಳು ಖಾಲಿ ತಟ್ಟೆ ಹಿಡಿದು ಕಾಯುತ್ತಿದ್ದರಂತೆ. "ಕಾಯ್ತಾ ಇದ್ರು ಕಣೇ" ಎಂದು ನನ್ನ ಕಡೆ ನೋಡುತ್ತಾರೆ, ತಡವಾದದ್ದು ನನ್ನಿಂದಲೇ ಎಂಬಂತೆ.

ಒಮ್ಮೆ, ಟೋಕಿಯೋದಲ್ಲಿ ನಮ್ಮ ದೇಶದವರೇ ಹೆಚ್ಚಿರುವ ನಿಶಿ-ಕಸಾಯ್‌ನಲ್ಲಿ, ಕನ್ನಡದವರೆಲ್ಲ ಸೇರಿದ್ದಾಗ ಬೆಂಗಳೂರಿನ ಒಬ್ಬ ಮಹನೀಯರು ಇವರನ್ನು ತಡೆದು ನಿಲ್ಲಿಸಿದರು. "ಸಾರ್, ನೀವು ಮೈಸೂರಿನೋರು. ನಮ್ಮ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದೋರನ್ನ ಹೊಗಳ್ತೀರಲ್ಲ, ನೀವು ಯಾರ ಕಡೆ?"

ಎಲ್ಲರೂ ಕಿವಿ ನಿಮಿರಿಸಿದರು. ಭಾವ ಸಮಾಧಾನವಾಗಿ ಇಡೀ ಕಥೆ ಹೇಳಿದರು. ಮೊದಲ ಸಲ ಇಂಗ್ಲಿಷರ ಸೈನ್ಯ ಕೋಟೆಯ ಹತ್ತಿರದವರೆಗೂ ಬಂದಿತ್ತಂತೆ. ಆದರೆ ಮೇವಿಲ್ಲದೆ ಎತ್ತುಗಳು ಸಾಲು ಸಾಲಾಗಿ ಬಿದ್ದವು. ಎತ್ತಿಲ್ಲದೆ ಅಕ್ಕಿ ಬರಲಿಲ್ಲ. ಎಳೆಯುವವರಿಲ್ಲ ಎಂದು ತಮ್ಮ ದೊಡ್ಡ ಫಿರಂಗಿಗಳನ್ನು ತಾವೇ ಒಡೆದುಹಾಕಿ ವಾಪಸು ಹೋಗಬೇಕಾಯಿತು. ಮುಂದಿನ ಸಲ ಧಾನ್ಯ ಸಾಗಿಸುವ ಲಂಬಾಣಿಗಳನ್ನು ಗೊತ್ತುಮಾಡಿಕೊಂಡು, ಸಾವಿರಾರು ಎತ್ತುಗಳ ಮೇಲೆ ಅಕ್ಕಿ ಹೇರಿಸಿಕೊಂಡು ಬಂದರು.

"ಅದು ಸರಿ ಸಾರ್, ನೀವು ಯಾರ ಕಡೆ ಅಂತ ಹೇಳಿಲ್ಲ."

"ನಾನು ಎತ್ತುಗಳ ಕಡೆ" ಎಂದರು ಭಾವ.

ಪುಸ್ತಕ ಓದಿಕೊಂಡು ಸುಮ್ಮನಿದ್ದರೆ ಯಾರಿಗೇನು ಕಷ್ಟ? ಇವರು ಅದನ್ನು ಸಂಸಾರಕ್ಕೂ ತಂದರು. ನಮ್ಮಲ್ಲಿ ಯಾರಾದರೂ ಬೆಂಗಳೂರಿಗೆ ಹೋಗಿಬರುತ್ತೇವೆ ಎಂದರೆ ಸಾಕು, "ಬರ್ತಾ ಎರಡು ಕೆಜಿ ಜಾಗ ಇರತ್ತಾ?" ಎಂದು ಕೇಳುವುದು ಹಿಂದಿನಿಂದ ಬಂದ ಪದ್ಧತಿ. ಒಬ್ಬರಿಗೆ ಸಾರಿನ ಪುಡಿ, ಒಬ್ಬರಿಗೆ ಅವಲಕ್ಕಿ, ಇನ್ನೊಬ್ಬರಿಗೆ ಅತ್ತೆ ಕೊಟ್ಟ ರೇಷ್ಮೆ ಸೀರೆ. ಭಾವ ಇದಕ್ಕೊಂದು ಶಿಸ್ತು ತಂದರು. 'ಬೆಂಗಾವಲು' ಎಂಬ ವಾಟ್ಸಾಪ್ ಗುಂಪು ತೆರೆದರು. ಮೂರು ತಿಂಗಳಿಗೊಮ್ಮೆ ಪ್ರತಿ ಮನೆಯವರೂ ತಮಗೇನು ಬೇಕೆಂದು ಇಂಡೆಂಟ್ ಕೊಡಬೇಕು. ಯಾರು ಯಾವತ್ತು ಹೊರಡುತ್ತಾರೆ, ಯಾರ ಪೆಟ್ಟಿಗೆಯಲ್ಲಿ ಎಷ್ಟು ಕೆಜಿ ಖಾಲಿ, ಮೈಸೂರಿನ ಯಾವ ಮನೆಯಿಂದ ಎತ್ತಿಕೊಳ್ಳಬೇಕು, ಎಲ್ಲವೂ ಎಕ್ಸೆಲ್‌ನಲ್ಲಿ. "ಭಾವ, ನಿಶಿ-ಕಸಾಯ್ ಅಂಗಡೀಲಿ ಈಗ ಎಲ್ಲಾ ಸಿಗತ್ತಲ್ಲ" ಎಂದು ನಾನು ಒಮ್ಮೆ ಬಾಯಿ ಹಾಕಿದೆ. "ಸಿಗೋದು ಬೇರೆ, ಬರೋದು ಬೇರೆ ಕಣೇ" ಎಂದರು.

ಹಾಗೆ ಬಂದದ್ದೆಲ್ಲ ಮೊದಲು ಉರಯಾಸುವಿನ ಅವರ ಆರನೇ ಮಹಡಿಯ ಫ್ಲಾಟಿನಲ್ಲಿ ಇಳಿಯುತ್ತದೆ. ಅಕ್ಕನ ಕಪಾಟಿನಲ್ಲಿ ಸೀರೆಯ ಹಿಂದೆ ಮೆಂತ್ಯ. ಮಗಳ ಮಂಚದ ಕೆಳಗೆ ಬೆಲ್ಲ. ಕೆಳಗಿನ ಮನೆಯ ಮೊರಿ-ಸಾನ್ ಎಂಬ ವೃದ್ಧರು ಎರಡು ವರ್ಷ ಇದನ್ನೆಲ್ಲ ಲಿಫ್ಟಿನಲ್ಲಿ ಗಮನಿಸಿ, ಒಂದು ಭಾನುವಾರ ಬಾಗಿಲು ತಟ್ಟಿ, ಸೊಂಟ ಬಗ್ಗಿಸಿ, "ಸುಮಿಮಾಸೆನ್, ಕ್ಷಮಿಸಿ, ಅಂಗಡಿ ಎಷ್ಟು ಗಂಟೆಗೆ ತೆಗೆಯುತ್ತೀರಿ?" ಎಂದು ಕೇಳಿದರು. ಅಕ್ಕ ನಾಚಿಕೆಯಿಂದ ಒಳಗೆ ಓಡಿದಳು. ಭಾವ ಅವರಿಗೆ ಅರ್ಧ ಕೆಜಿ ಸಾರಿನ ಪುಡಿ ಕೊಟ್ಟು ಕಳಿಸಿದರು. ಈಗ ಮೊರಿ-ಸಾನ್ ಕೂಡ ಇಂಡೆಂಟ್ ಕೊಡುತ್ತಾರೆ.

ಬೆಂಗಾವಲು ಒಮ್ಮೆ ಅಪಾಯಕ್ಕೂ ಸಿಕ್ಕಿತ್ತು. ಮೈಸೂರಿನಿಂದ ಹೊಸದಾಗಿ ಬರುತ್ತಿದ್ದ ದಂಪತಿಗಳ ಪೆಟ್ಟಿಗೆಯಲ್ಲಿ ಭಾವ ಏಳು ಕೆಜಿ ಪುಡಿ ಹಾಕಿಸಿದ್ದರು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ತೆಗೆದು ನೋಡಿದರೆ, ಹೆಸರಿಲ್ಲದ ಹದಿನಾಲ್ಕು ಪೊಟ್ಟಣ, ಎಲ್ಲವೂ ಒಂದೇ ಕಂದು ಬಣ್ಣ! ಇದೇನೆಂದು ಮೂಸಿ ನೋಡಿದ ಪುಣ್ಯಾತ್ಮರು ಬಿಡದೆ ಸೀನಿದರು, ಪ್ರತಿ ಸೀನಿಗೂ ಒಂದು ಸುಮಿಮಾಸೆನ್ ಹೇಳಿದರು. ಹೊರಗೆ ಕಾಯುತ್ತಿದ್ದ ಭಾವ, ಆ ಹೆಣ್ಣುಮಗಳು ಅಳು ಅದುಮಿಕೊಂಡು ಹೊರಬಂದ ಕೂಡಲೇ ಕೇಳಿದ್ದು, "ಎಲ್ಲಾ ಹದಿನಾಲ್ಕೂ ಬಂತೇನಮ್ಮಾ?" ಎಂದು. ಅಂದಿನಿಂದ ಪ್ರತಿ ಪೊಟ್ಟಣದ ಮೇಲೂ ಜಪಾನಿಯಲ್ಲಿ ಚೀಟಿ ಅಂಟಿಸುತ್ತಾರೆ. ಬರೆದುಕೊಡುವುದು ಮಗಳು.

ಆ ಮಗಳನ್ನೂ ಅವರು ಬಿಟ್ಟಿಲ್ಲ. ಶಾಲೆಯಿಂದ ಕ್ಯೋಟೋಗೆ ಪ್ರವಾಸ ಹೊರಟಾಗ ಅವಳು ಕೈಖರ್ಚಿಗೆ ಕೇಳಿದಳು. ಭಾವ ಸೈನ್ಯದ ಕ್ರಮದಲ್ಲೇ ಕೊಡುತ್ತೇನೆ ಎಂದು ಕಾಗದ ತೆಗೆದುಕೊಂಡು ಕೂತರು. ದಿನದ ಸಂಬಳ ಇಷ್ಟು. ಊರು ಬಿಟ್ಟು ಹೋಗುವುದಕ್ಕೆ ಭತ್ಯೆ ಇಷ್ಟು. ಅದರಲ್ಲಿ ಊಟಕ್ಕೆ ಕಡಿತ, ಬೂಟಿಗೆ ಕಡಿತ, ಔಷಧಿಗೆ ಕಡಿತ, ಕ್ಷೌರಕ್ಕೂ ಕಡಿತ. ಪಾಪ, ಆ ಕಾಲದ ಸಿಪಾಯಿಗೆ ಹೀಗೆ ಹಿಡಿದುಕೊಂಡು ಹಿಡಿದುಕೊಂಡು ಕೊನೆಗೆ ಕೈಗೆ ಬರುತ್ತಿದ್ದದ್ದು ಚಿಲ್ಲರೆಯಂತೆ. ನಮ್ಮ ಹುಡುಗಿಗೂ ಅಷ್ಟೇ ಬಂತು. "ಅಪ್ಪ, ದಿಸ್ ಈಸ್ ಬ್ಲ್ಯಾಕ್ ಕಂಪನಿ" ಎಂದಳು. ನೌಕರರ ರಕ್ತ ಹೀರುವ ಕಂಪನಿಗಳಿಗೆ ಇಲ್ಲಿಯವರು ಇಟ್ಟ ಹೆಸರು ಅದು. "ಭತ್ಯೆ ಅರ್ಧ ಮಾಡಿದಾಗ ಆಫೀಸರ್ಸೇ ರಿಸೈನ್ ಮಾಡಿದ್ರು ಅಂತ ಯೂ ಓನ್ಲಿ ಟೋಲ್ಡ್ ಮೀ. ಐ ರಿಸೈನ್." ಅವತ್ತು ಸಂಜೆ ನಗರಸಭೆಯಿಂದ ಬಂದ ಒಂದು ಕಾಗದ, ಗ್ಯಾಸಿನವರ ಒಂದು ಕಾಗದ, ಎರಡೂ ಅಚ್ಚ ಜಪಾನಿಯಲ್ಲಿ, ಮೇಜಿನ ಮೇಲೆ ಹಾಗೇ ಬಿದ್ದಿದ್ದವು. ಮನೆಯಲ್ಲಿ ಆ ಲಿಪಿ ಸರಾಗವಾಗಿ ಓದಬಲ್ಲವಳು ಅವಳೊಬ್ಬಳೇ. ರಾತ್ರಿ ಊಟಕ್ಕೆ ಮುಂಚೆ ಪೂರ್ತಿ ಭತ್ಯೆ ಮಂಜೂರಾಯಿತು, ಕ್ಷೌರದ ಕಡಿತ ವಜಾ ಆಯಿತು.

ಇನ್ನು ಒಬ್ಬಟ್ಟಿನ ದಂಗೆ. ಪ್ರತಿ ವಸಂತದಲ್ಲಿ ನಾವೆಲ್ಲ ಫುನಾಬೊರಿಯ ಹತ್ತಿರ ಶಿಂಕಾವಾ ನದಿಯ ದಡದ ಚೆರ್ರಿ ಮರಗಳ ಕೆಳಗೆ ನೀಲಿ ಶೀಟು ಹಾಸಿ ಯುಗಾದಿ ಊಟ ಮಾಡುತ್ತೇವೆ. ಆ ವರ್ಷ ಊಟದ ಉಸ್ತುವಾರಿ ಭಾವನದು. ಅದಕ್ಕೆಂದೇ ಒಂದು ಮಡಚುವ ಗಾಡಿ ಕೊಂಡಿದ್ದರು. ನಾಲ್ಕು ಚಕ್ರ, ಒಂದು ಹಿಡಿ, ಹೆಸರು ಬಸವ. ಬಸವ ಬಂದ, ಒಬ್ಬಟ್ಟಿನ ಡಬ್ಬಿಗಳು ಇಳಿದವು. ಭಾವ ಎದ್ದು ನಿಂತು, ಗಂಡಸರಿಗೆ ಒಂದು, ಹೆಂಗಸರಿಗೆ ಅರ್ಧ, ಮಕ್ಕಳಿಗೆ ಕಾಲು ಎಂದು ಘೋಷಿಸಿದರು! ಸೈನ್ಯದ ಜೊತೆ ಹೋಗಲು ಅಪ್ಪಣೆ ಸಿಕ್ಕಿದ ಹೆಂಡತಿಯರಿಗೆ ಅರ್ಧ ರೇಷನ್ನು, ಮಕ್ಕಳಿಗೆ ಕಾಲು ಕೊಡುತ್ತಿದ್ದರಂತೆ. ರಾತ್ರಿಯೆಲ್ಲ ಕೂತು ಹೂರಣ ರುಬ್ಬಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮಕ್ಕ ಎದ್ದಳು. ಡಬ್ಬಿ ಕೈಗೆ ತೆಗೆದುಕೊಂಡು, ಹೆಂಗಸರಿಗೆ ಎರಡೆರಡು ಬಡಿಸಿ, ಮಕ್ಕಳಿಗೆ ಬೇಕಾದಷ್ಟು ಕೊಟ್ಟು, ಉಳಿದ ಅರ್ಧವನ್ನು ಭಾವನ ತಟ್ಟೆಗೆ ಹಾಕಿದಳು.

ಎಲ್ಲರೂ ನಕ್ಕು ಸುಸ್ತಾದ ಮೇಲೆ ಭಾವ ಆ ಅರ್ಧ ಒಬ್ಬಟ್ಟನ್ನು ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತರು. "ನಗ್ತೀಯ. ಗಂಡ ಸತ್ರೆ ಆ ಅರ್ಧಾನೂ ನಿಲ್ಲಿಸ್ಬಿಡೋರು ಗೊತ್ತಾ? ಅದಕ್ಕೇ ಪಾಪ ಆ ಹೆಂಗಸರು ವಾರ ಕಳೆಯೋದ್ರೊಳಗೆ ಇನ್ಯಾವನೋ ಸಿಪಾಯಿನ ಕಟ್ಕೊಳೋರು, ಬರೀ ಊಟಕ್ಕೋಸ್ಕರ. ಅದೊಂದು ಮಾತ್ರ ಆ ಸೈನ್ಯದಲ್ಲಿ ನನಗೆ ಸಹಿಸಕ್ಕಾಗಲ್ಲ" ಎಂದರು. ಇನ್ನೂ ಏನೋ ಹೇಳಲು ಹೊರಟು, ನನ್ನ ಕಡೆ ನೋಡಿ, ಒಬ್ಬಟ್ಟು ಬಾಯಿಗೆ ಹಾಕಿಕೊಂಡರು.

ಯಾಕೆ ಸುಮ್ಮನಾದರು ಎಂಬುದು ನನಗೆ ಗೊತ್ತು. ನನ್ನ ಮದುವೆ ಎರಡೇ ವರ್ಷ ನಡೆದದ್ದು. ಏಳು ವರ್ಷದ ಹಿಂದೆ ಮೈಸೂರಿನ ಕೋರ್ಟಿನಲ್ಲಿ ಅದು ಮುಗಿಯಿತು. ಆಮೇಲೆ ಇಲ್ಲಿ ಕೆಲಸ ಸಿಕ್ಕಿ ಬಂದಾಗ ಮೊದಲ ಮೂರು ತಿಂಗಳು ಅಕ್ಕನ ಮನೆಯಲ್ಲಿ, ಬೆಲ್ಲದ ಮೂಟೆಗಳ ಪಕ್ಕ ಮಲಗಿದ್ದೆ. ಅವರು ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಆದರೂ ಹಂಗು ಹಂಗೇ ಅಲ್ಲವೇ? ಫುನಾಬೊರಿಯಲ್ಲಿ ಒಂದು ಕೋಣೆಯ ಮನೆ ಹಿಡಿದ ದಿನ, ಇನ್ನು ಯಾರ ಮನೆಗೂ ಹೊರೆಯಾಗಲಾರೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ.

ಹೋದ ಏಪ್ರಿಲ್ ಕೊನೆಯಲ್ಲಿ ನಮ್ಮ ಕಂಪನಿ ನಮ್ಮ ವಿಭಾಗವನ್ನೇ ಮುಚ್ಚಿತು. ತುಂಬ ಮರ್ಯಾದೆಯಿಂದ, ಎಲ್ಲರೂ ಬಗ್ಗಿ ನಮಸ್ಕಾರ ಮಾಡಿ, ಮುಚ್ಚಿದರು. ಮೂರು ತಿಂಗಳೊಳಗೆ ಬೇರೆ ಕೆಲಸ ಹುಡುಕದಿದ್ದರೆ ವೀಸಾಕ್ಕೇ ಕುತ್ತು. ಕೋಣೆಯಲ್ಲಿ ಒಬ್ಬಳೇ ಕೂತರೆ ಹುಚ್ಚು ಹಿಡಿಯುತ್ತದೆಂದು ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಫುನಾಬೊರಿಯ ಟವರಿನ ತುದಿಗೆ ಹೋಗುತ್ತಿದ್ದೆ. ಅಲ್ಲಿ ಊರು ನೋಡಲು ಕಾಸು ಕೇಳುವುದಿಲ್ಲ. ಒಂದು ಕಡೆಯ ಕಿಟಕಿಯಿಂದ ದೂರದಲ್ಲಿ ಉರಯಾಸು ಕಾಣುತ್ತದೆ. ಆ ಕಿಟಕಿಯ ಕಡೆ ಹೋಗದೆ ಇನ್ನೊಂದು ಕಡೆ ಕೂತು ಅರ್ಜಿ ತುಂಬುತ್ತಿದ್ದೆ. ಇಪ್ಪತ್ತಾರು ಅರ್ಜಿ ಹಾಕಿದೆ. ಜೂನ್ ಹೊತ್ತಿಗೆ ಸಾಕಾಯಿತು. ವಿಮಾನದ ಟಿಕೆಟ್ ನೋಡತೊಡಗಿದೆ. ಅಕ್ಕನಿಗೆ ಹೇಳಿದರೆ ಬಾ ಎನ್ನುತ್ತಾಳೆ, ಮತ್ತೆ ಆ ಬೆಲ್ಲದ ಪಕ್ಕ ಹಾಸಿಗೆ ಹಾಕುತ್ತಾಳೆ. ಎರಡನೇ ಸಲ ಅದಕ್ಕೆ ನನಗೆ ಮುಖ ಇರಲಿಲ್ಲ. ಎಲ್ಲ ಮುಗಿದ ಮೇಲೆ ಮೈಸೂರಿನಿಂದಲೇ ಫೋನ್ ಮಾಡಿ ಹೇಳಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಬೆಂಗಾವಲಿನ ಇಂಡೆಂಟ್ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಊರಿಗೆ ಹೋಗಿಬರುವವರು ಹೆಚ್ಚು, ಬೇಗ ಹೇಳಿ ಎಂದಿದ್ದರು ಭಾವ. ನಾನು ಪ್ರತಿ ಸಲ ಬರೆಯುವುದು ಒಂದೇ, ಎರಡು ಕೆಜಿ ಹುಣಸೆಹಣ್ಣು. ಅದಿಲ್ಲದೆ ನನಗೆ ಊಟ ಸೇರುವುದಿಲ್ಲ. ಆ ಸಲ, "ನನಗೇನೂ ಬೇಡ ಭಾವ, ಇನ್ನೂ ಇದೆ" ಎಂದು ಕಳಿಸಿದೆ. ಯಾವ ಅನುಮಾನಕ್ಕೂ ಎಡೆ ಇಲ್ಲದ ಸುಳ್ಳು ಎಂದೇ ನನ್ನ ಎಣಿಕೆ.

ಮರುದಿನ ಶನಿವಾರ ಬೆಳಿಗ್ಗೆ ಧಾರಾಕಾರ ಮಳೆ. ಬಾಗಿಲು ತೆಗೆದರೆ ಭಾವ. ಹಿಂದೆ ಪ್ಲಾಸ್ಟಿಕ್ ಹೊದ್ದ ಬಸವ. ಬಸವನನ್ನು ಬಸ್ಸಿಗೆ ಹತ್ತಿಸಿ ಬೇರೆಯವರಿಗೆ ತೊಂದರೆ ಕೊಡಲು ಸಂಕೋಚವಾಗಿ, ಕಸಾಯ್ ಸ್ಟೇಷನ್ನಿನಿಂದ ಎಳೆದುಕೊಂಡು ನಡೆದೇ ಬಂದಿದ್ದರು. ಪ್ಯಾಂಟಿನಿಂದ ನೀರು ಸೋರುತ್ತಿತ್ತು.

"ಅಕ್ಕ ಬರಲಿಲ್ವಾ?"

"ಅವಳಿಗೆ ಹೇಳಿಲ್ಲ."

ಟವೆಲ್ ಕೊಟ್ಟೆ. ತಲೆ ಒರೆಸಿಕೊಳ್ಳುತ್ತಲೇ ನೇರವಾಗಿ ಅಡುಗೆ ಕಟ್ಟೆಗೆ ಹೋಗಿ ಹುಣಸೆಹಣ್ಣಿನ ಜಾಡಿಯ ಮುಚ್ಚಳ ತೆಗೆದರು. ತಳದಲ್ಲಿ ಎರಡು ಬೀಜ, ಒಂದು ನಾರು.

"ಮೇ ತಿಂಗಳಲ್ಲೇ ಮುಗಿದಿರಬೇಕು. ನಿನ್ನ ಖರ್ಚು ನನಗೆ ಗೊತ್ತಿಲ್ವಾ?" ಎಂದರು. ಜಾಡಿ ಮುಚ್ಚಿ, ನನ್ನ ಒಂದೇ ಕುರ್ಚಿಯಲ್ಲಿ ಕೂತು, ನನ್ನನ್ನು ನೋಡದೆ ಹೇಳಿದರು. "ಮುಂದಿನ ರೇಷನ್ ಬೇಡ ಅನ್ನೋ ಸಿಪಾಯಿ ಮೇಲೆ ಒಂದು ಕಣ್ಣಿಡಬೇಕು ಕಣೇ. ಅವನಿಗೆ ಹೊಟ್ಟೆ ತುಂಬಿದೆ ಅಂತ ಅಲ್ಲ. ಅವನು ಓಡಿಹೋಗೋ ಯೋಚನೇಲಿರ್ತಾನೆ."

ಅಷ್ಟೇ. ಎರಡು ತಿಂಗಳು ಅಮ್ಮನ ಹತ್ತಿರ, ಅಕ್ಕನ ಹತ್ತಿರ ನಗುನಗುತ್ತ ಬಿಗಿಹಿಡಿದದ್ದೆಲ್ಲ ಹೊರಗೆ ಬಂದುಬಿಟ್ಟಿತು. ಕೆಲಸ, ವೀಸಾ, ಇಪ್ಪತ್ತಾರು ಅರ್ಜಿ, ಟವರಿನ ಕಿಟಕಿ, ಎಲ್ಲ ಹೇಳಿದೆ. ಭಾವ ಅಯ್ಯೋ ಎನ್ನಲಿಲ್ಲ. ಯಾಕೆ ಹೇಳಲಿಲ್ಲ ಎಂದು ಬೈಯಲೂ ಇಲ್ಲ. ಪೂರ್ತಿ ಕೇಳಿಸಿಕೊಂಡು, "ಅಕ್ಕಿ ಎಷ್ಟಿದೆ?" ಎಂದರು. ಅಳುತ್ತಿದ್ದವಳಿಗೆ ನಗು ಬಂತು.

"ಊರಿಗೆ ಹೋಗಬೇಕು ಅನ್ಸಿದ್ರೆ ಹೋಗು, ನಾನೇ ಟಿಕೆಟ್ ಮಾಡಿಸ್ತೀನಿ" ಎಂದರು. "ಇನ್ನೊಬ್ಬರ ಉಗ್ರಾಣ ಖಾಲಿ ಮಾಡ್ತಿದೀನಿ ಅನ್ನೋ ಸಂಕೋಚಕ್ಕೆ ಮಾತ್ರ ಹೋಗಬೇಡ."

"ನಿಮ್ಮ ಮೇಲೆ ಎಷ್ಟು ಸಲ ಭಾರ ಹಾಕಲಿ ಭಾವ? ನಾನು ನಿಮ್ಮ ಪಟ್ಟೀಲಿ ಇಲ್ಲದವಳು."

ಭಾವ ಷರಟಿನೊಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ನೋಟ್‌ಬುಕ್ ತೆಗೆದರು. ಎಕ್ಸೆಲ್‌ಗೂ ಮೊದಲಿನದು, ಅಂಚು ಸವೆದದ್ದು. ಮೊದಲ ಪುಟದಲ್ಲಿ ಮನೆಯವರ ರೇಷನ್ ಪಟ್ಟಿ. ಮೇಲೆ ಅವರ ಹೆಸರು, ಎದುರಿಗೆ ಒಂದು. ಕೆಳಗೆ ಅಕ್ಕ, ಅರ್ಧ. ಮಗಳು, ಕಾಲು. ನಾಲ್ಕನೆಯ ಸಾಲಿನಲ್ಲಿ ನನ್ನ ಹೆಸರು, ಎದುರಿಗೆ ಒಂದು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ತಾರೀಖು. ಮೈಸೂರಿನ ಕೋರ್ಟಿನಿಂದ ನಾನು ಅಪ್ಪನ ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದ ದಿನದ ತಾರೀಖು. ಜಪಾನಿಗೆ ಬರುವ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ.

"ನಾನು ಬರದೇ ಇದ್ದಿದ್ರೆ?"

"ಬರದೇ ಇದ್ದಿದ್ರೆ ಇಲ್ಲೇ ಇರ್ತಿತ್ತು. ಎಲ್ಲಿ ಹೋಗತ್ತೆ?"

ಅಳು ಮತ್ತೆ ಬರುವ ಮುಂಚೆ ಏನಾದರೂ ಕೀಟಲೆ ಮಾಡಬೇಕೆಂದು, "ಅಕ್ಕನಿಗೇ ಅರ್ಧ, ನನಗ್ಯಾಕೆ ಭಾವ ಪೂರ್ತಿ? ಅಕ್ಕ ನೋಡಿದ್ರೆ ಬಿಡ್ತಾಳಾ?" ಎಂದೆ.

ಭಾವ ಕನ್ನಡಕದ ಮೇಲಿನ ಮಳೆನೀರನ್ನು ನನ್ನ ಟವೆಲಿನಲ್ಲಿ ನಿಧಾನವಾಗಿ ಒರೆಸಿದರು. "ಅವಳು ಹೆಂಡತಿ, ರೂಲ್ ಪ್ರಕಾರ ಅರ್ಧ. ನೀನು ಯಾರ ಹೆಂಡತೀನೂ ಅಲ್ವಲ್ಲ" ಎಂದರು. "ನೀನು ಸಿಪಾಯಿ."

ಹೊರಗೆ ಬಾಗಿಲ ಹತ್ತಿರ ಬಸವ ನೆನೆಯುತ್ತಿದ್ದ. ಭಾವ ಎದ್ದು ಹೋಗಿ ಅಕ್ಕಿಮೂಟೆ ಇಳಿಸತೊಡಗಿದರು. ನಾನು ಅವರ ಪೆನ್ನು ತೆಗೆದುಕೊಂಡು, ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು, ಆಗಸ್ಟ್ ಎಂದು ಹಾಕಿ, ಅದರ ಕೆಳಗೆ ಹುಣಸೆಹಣ್ಣು, ಎರಡು ಕೆಜಿ ಎಂದು ಬರೆದೆ.